ಆತ್ಮವಿಶ್ವಾಸ ಮೀಮಾಂಸೆ: ಮುಗದದ ಕೂರಿಗೆ ಭತ್ತವನ್ನು ಆಧರಿಸಿದ ಗಹನ ವಿಚಾರ

ವಿಷಯ: ಗುರಿ ಮುಟ್ಟಲು ತನ್ನ ಮೇಲೆ ತನಗೆ ನಂಬಿಕೆ ಬೇಕೆಂಬುದು ಧಾರವಾಡದ ಸಪ್ತಾಪುರದಲ್ಲಿ ನಿರ್ವಿವಾದ. ಕೋಚಿಂಗ್ ಸೆಂಟರುಗಳ ಫ್ಲೆಕ್ಸಿನಲ್ಲಿ ಕೈಕಟ್ಟಿ ನಗುವ ಪಿಎಸ್‌ಐ, ಪಿಡಿಒಗಳೇ ಪ್ರತ್ಯಕ್ಷ ಪ್ರಮಾಣ. ಆದರೆ ಫ್ಲೆಕ್ಸು ಫಲವನ್ನಷ್ಟೇ ತೋರಿಸುತ್ತದೆ. ಬೀಜ ಬೇಕಾದ ಶಾಸ್ತ್ರಕಾರನು ಲೋಂಡಾ ಕಡೆಯ ರೈಲು ಹತ್ತಿ ಮುಗದದಲ್ಲಿ ಇಳಿಯತಕ್ಕದ್ದು.

ಧಾರವಾಡ ಕೃಷಿ ವಿಶ್ವವಿದ್ಯಾಲಯದ ಭತ್ತ ಸಂಶೋಧನೆ ನಡೆಯುವ ಊರು ಇದು. ‘ಮುಗದ ಸುಗಂಧ’, ‘ಮುಗದ 101’ ತಳಿಗಳು ಇದರ ಹೆಸರನ್ನೇ ಹೊತ್ತಿವೆ. ನಾಟಿ ಮಾಡುವ ರೈತ ಗದ್ದೆಯಲ್ಲಿ ನೀರು ನಿಂತ ಮೇಲೆ ಇಳಿಯುತ್ತಾನೆ. ಈ ಭಾಗದ ಕೂರಿಗೆ ಭತ್ತದವನು ಮುಂಗಾರು ಹಿಡಿಯುವ ಮೊದಲೇ ಒಣಮಣ್ಣಿನಲ್ಲಿ ಬಿತ್ತಿ, ತಲೆ ಎತ್ತಿ ಮುಗಿಲು ನೋಡುತ್ತಾನೆ.

ಸಂಶಯ: ಇದು ಆತ್ಮವಿಶ್ವಾಸವೋ, ಮಿರಗದ ಮಳೆಯ ಮೇಲಿನ ವಿಶ್ವಾಸವೋ, ಸಾಲದ ಕಂತಿನ ಒತ್ತಾಯವೋ?

ಪೂರ್ವಪಕ್ಷ: ಫ್ರಾನ್ಸಿನ ಔಷಧ ವ್ಯಾಪಾರಿ ಎಮಿಲ್ ಕೂಯೆ 1920ರ ದಶಕದಲ್ಲಿ ಲೋಕಪ್ರಸಿದ್ಧನಾದವನು. ತಾನು ದಿನಾ ಸುಧಾರಿಸುತ್ತಿದ್ದೇನೆಂದು ಬೆಳಿಗ್ಗೆ ಇಪ್ಪತ್ತು ಸಲ, ರಾತ್ರಿ ಇಪ್ಪತ್ತು ಸಲ ಹೇಳಿಕೊಳ್ಳಬೇಕೆಂಬುದು ಅವನ ಮತ. ಎಣಿಕೆ ತಪ್ಪದಿರಲು ಇಪ್ಪತ್ತು ಗಂಟಿನ ದಾರವನ್ನೂ ವಿಧಿಸಿದ್ದ. ಜಪಸರ ಬಲ್ಲ ನಾಡಿಗೆ ದಾರ ಹೊಸದಲ್ಲ. ಆದರೆ ಕೂರಿಗೆ ಬಟ್ಟಲಿಗೆ ಕಾಳಿನ ಬದಲು ಬರೀ ಮಂತ್ರ ಸುರಿದರೆ ಏನು ಮೊಳೆಯುತ್ತದೆಂದು ಈ ಮತದವರು ವಿವರಿಸುವುದಿಲ್ಲ.

ಸಿದ್ಧಾಂತ: 1977ರಲ್ಲಿ ಮನೋವಿಜ್ಞಾನಿ ಆಲ್ಬರ್ಟ್ ಬಂಡೂರ ನಂಬಿಕೆಗೆ ನಾಲ್ಕು ಮೂಲಗಳನ್ನು ಹೇಳಿದರು. ಮುಗದದ ಭಾಷ್ಯ ಹೀಗೆ. ಒಂದು, ತಾನೇ ಮಾಡಿ ಗೆದ್ದದ್ದು: ಹೋದ ವರ್ಷದ ರಾಶಿ. ಎರಡು, ತನ್ನಂಥವರು ಗೆದ್ದದ್ದನ್ನು ಕಂಡದ್ದು: ಬಾಜೂ ಹೊಲದವನ ರಾಶಿ. ಮೂರು, ಹುರಿದುಂಬಿಸುವ ಮಾತು: “ಏನಾಗೂದಿಲ್ಲ, ಬಿತ್ತೋ ತಮ್ಮಾ” ಎನ್ನುವ ಕಟ್ಟೆಯ ಹಿರಿಯರು. ನಾಲ್ಕು, ದೇಹದ ಸ್ಥಿತಿ: ಮೋಡ ಸುಮ್ಮನೆ ದಾಟಿಹೋದಾಗಿನ ಎದೆಯ ಡವಡವ.

ಇವುಗಳಲ್ಲಿ ಮೊದಲನೆಯದೇ ಬಲಿಷ್ಠ. ಹಾವೆಂದರೆ ನಡುಗುವವರಲ್ಲಿ ಕೆಲವರಿಗೆ ಬಂಡೂರ ಮತ್ತು ಸಂಗಡಿಗರು ಹೆಜ್ಜೆಹೆಜ್ಜೆಯಾಗಿ ನೆರವು ಕೊಟ್ಟು ಬೋವಾ ಹಾವನ್ನು ಮುಟ್ಟಿಸಿದರು. ಇನ್ನು ಕೆಲವರು ಬೇರೆಯವರು ಮುಟ್ಟುವುದನ್ನು ನೋಡಿದರಷ್ಟೆ. ಕೈಯಾರೆ ಮುಟ್ಟಿದವರಲ್ಲಿ ಧೈರ್ಯ ಹೆಚ್ಚು ಬೆಳೆಯಿತು. ಹಾವು ತಿರುಗಾಡುವ ಗದ್ದೆಯಲ್ಲಿ ಕಳೆ ಕೀಳುವ ಹೆಂಗಸರು ಈ ಪ್ರಯೋಗವನ್ನು ಸಂಶೋಧನಾ ಅನುದಾನವಿಲ್ಲದೆ ನಡೆಸುತ್ತಿರುವರು. ಇದರಿಂದ ಸಿದ್ಧವಾಗುವುದೇನೆಂದರೆ, ಪರೀಕ್ಷಾರ್ಥಿಗೆ ಮೂರು ತಾಸಿನ ಸ್ಫೂರ್ತಿ ಭಾಷಣಕ್ಕಿಂತ ತಾನೇ ಬಿಡಿಸಿದ ಒಂದು ಹಳೆಯ ಪ್ರಶ್ನೆಪತ್ರಿಕೆ ಮೇಲು. ಆದರೆ ಅದಕ್ಕೆ ಶಾಲು, ಹಾರ, ಫೋಟೊ ಇರುವುದಿಲ್ಲ.

ಆಕ್ಷೇಪ: ಒಣಬಿತ್ತನೆಯಲ್ಲಿ ಅದುಮಿಡಲು ನಿಂತ ನೀರಿಲ್ಲದೆ ಭತ್ತದ ಜೊತೆಗೇ ಕಳೆಯೂ ಏಳುತ್ತದೆ. ಹಿಂದಿನ ಗೆಲುವಿಲ್ಲ, ಪ್ರೋತ್ಸಾಹವಂತೂ ಇಲ್ಲವೇ ಇಲ್ಲ. ಆದರೂ ಅದರ ಆತ್ಮವಿಶ್ವಾಸ ಭತ್ತಕ್ಕಿಂತ ಒಂದು ಗೇಣು ಎತ್ತರ. ನಾಲ್ಕೂ ಮೂಲಗಳು ಇಲ್ಲಿ ಬಿದ್ದುಹೋದವಲ್ಲ?

ಪರಿಹಾರ: ಆಕ್ಷೇಪ ಘನವಾದದ್ದು. ಅದನ್ನು ಎತ್ತಿದ ಪಂಡಿತರು ಎಡೆಕುಂಟೆ ಹೊಡೆಯುವ ವಾರ ಮುಗದಕ್ಕೆ ಬರತಕ್ಕದ್ದು. ವಾದಕ್ಕೆ ಒಂದು ಸಾಲು ಬಿಟ್ಟುಕೊಡಲಾಗುವುದು. ಊಟ ಗದ್ದೆಗೇ ಬರುತ್ತದೆ.