ನಮ್ಮ ಹುಡುಗ ಚಿನ್ನ, ಸಹವಾಸ ಸರಿಯಿಲ್ಲ

ಮೈಸೂರಿನಲ್ಲಿ ಕೆಟ್ಟ ಹುಡುಗರೇ ಇಲ್ಲ. ನಂಬಿಕೆ ಬರದಿದ್ದರೆ ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ವಾಕಿಂಗ್ ಬರುವ ಯಾವ ಅಪ್ಪ-ಅಮ್ಮನನ್ನಾದರೂ ನಿಲ್ಲಿಸಿ ಕೇಳಿ. “ನಮ್ಮೋನು ಚಿನ್ನ ಕಣ್ರೀ, ಸಹವಾಸ ಸರಿಯಿಲ್ಲ ಅಷ್ಟೆ” ಎನ್ನುತ್ತಾರೆ. ಆ ಸಹವಾಸದ ವಿಳಾಸ ಕೇಳಿದರೆ ಕುವೆಂಪುನಗರದ ಯಾವುದೋ ಕ್ರಾಸ್ ಹೇಳುತ್ತಾರೆ. ಅಲ್ಲಿ ಹೋಗಿ ಬೆಲ್ ಒತ್ತಿದರೆ, ಬಾಗಿಲು ತೆಗೆದ ತಾಯಿ, “ಅಯ್ಯೋ, ನಮ್ಮ ಪುಟ್ಟಂಗೆ ಏನೂ ತಿಳಿಯಲ್ಲ ಸಾರ್. ಆ ಸರಸ್ವತಿಪುರಂ ಹುಡುಗನ ಜೊತೆ ಸೇರಿದ ಮೇಲೇ ಹಿಂಗಾಗಿರೋದು” ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ಸರಸ್ವತಿಪುರಂನವರು ಜಯನಗರದ ಕಡೆ ಕೈ ತೋರಿಸುತ್ತಾರೆ, ಜಯನಗರದವರು ಅಗ್ರಹಾರದ ಕಡೆ. ಊರಿನ ಹುಡುಗರನ್ನೆಲ್ಲ ಕೆಡಿಸಿದ ಆ ಮೂಲಪುರುಷ ಯಾರಪ್ಪಾ ಎಂದು ಹುಡುಕುತ್ತ ಹೋದರೆ, ಕೊನೆಗೆ ಬಂದು ನಿಲ್ಲುವುದು ಮೊದಲು ಹೊರಟ ಮನೆಯ ಗೇಟಿಗೇ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದ ಹಿರಿಯರು ಆ ಹೆಗ್ಗಣಕ್ಕೆ ಗೆಳೆಯರೂ ಇರುತ್ತಾರೆ ಎನ್ನುವುದನ್ನು ಮಾತ್ರ ಹೇಳದೆ ಹೋದರು.

ಹದಿಮೂರು ತುಂಬುತ್ತಿದ್ದಂತೆ ಮಕ್ಕಳ ಕಿವಿ ಕೆಲಸ ಮಾಡುವ ರೀತಿಯೇ ಬೇರೆಯಾಗುತ್ತದೆ. ಅಡುಗೆಮನೆಯಿಂದ ಅಮ್ಮ ಗಂಟಲು ಹರಿದುಕೊಂಡರೂ ಕೇಳಿಸದು. ಗೇಟಿನಾಚೆ ಗೆಳೆಯ ಒಂದು ಸಣ್ಣ ಹಾರ್ನ್ ಹೊಡೆದರೆ ಮಹಡಿ ಮೇಲಿನ ರೂಮಿನಲ್ಲಿ, ಬಾಗಿಲು ಹಾಕಿಕೊಂಡು ಮಲಗಿದ್ದರೂ ಕೇಳುತ್ತದೆ. ಒಬ್ಬ ಕಿವಿಯ ಮೇಲಿನ ಕೂದಲು ಬೋಳಿಸಿಕೊಂಡು ಬಂದ ಎನ್ನಿ, ವಾರದೊಳಗೆ ಇಡೀ ಬೆಂಚಿಗೆ ಬೋಳು. ನಮ್ಮ ಮೈಸೂರಿನಲ್ಲೇ ಬೆಳೆದ ಯಶ್ 2018ರಲ್ಲಿ ತೆರೆಕಂಡ ‘ಕೆಜಿಎಫ್’ಗೆ ಗಡ್ಡ ಬಿಟ್ಟದ್ದೇ ಬಿಟ್ಟದ್ದು, ಇನ್ನೂ ಮೀಸೆಯೇ ಮೂಡದ ಹುಡುಗರು ಅಜ್ಜಿಯ ಹರಳೆಣ್ಣೆ ಕದ್ದು ಕೆನ್ನೆಗೆ ತಿಕ್ಕಿದರು. ಹೆಣ್ಣುಮಕ್ಕಳೇನು ಕಮ್ಮಿಯಿಲ್ಲ. ಕನ್ನಡ ಪಠ್ಯದ ಕವಿಗಳ ಹೆಸರು ಕೇಳಿದರೆ ಸೀಲಿಂಗ್ ಫ್ಯಾನ್ ನೋಡುವ ಹುಡುಗಿ, ಕೊರಿಯಾದ ಬಿಟಿಎಸ್ ತಂಡದ ಏಳೂ ಹುಡುಗರ ಹೆಸರು, ಹುಟ್ಟಿದ ದಿನ, ಊಟದ ಇಷ್ಟಾನಿಷ್ಟಗಳ ಸಮೇತ ಒಪ್ಪಿಸುತ್ತಾಳೆ. ಯಾರು ಕಲಿಸಿದರು? ಪಕ್ಕದಲ್ಲಿ ಕೂರುವವಳು. ಅವಳಿಗೆ ಯಾರು? ಅವಳ ಪಕ್ಕದವಳು. ಇದೇ ಸರಪಳಿ ರಸಾಯನಶಾಸ್ತ್ರದ ಪಾಠಕ್ಕೂ ಇದ್ದಿದ್ದರೆ ಟ್ಯೂಷನ್ ಮೇಷ್ಟ್ರುಗಳೆಲ್ಲ ಅಂಗಡಿ ಮುಚ್ಚಬೇಕಿತ್ತು.

ಇದೆಲ್ಲ ಮೊಬೈಲು ಬಂದ ಮೇಲಿನ ರೋಗ ಎನ್ನುವವರು ಯಾದವಗಿರಿಗೆ ಹೋಗಿ ಬರಬೇಕು. ಅಲ್ಲಿ ಆರ್.ಕೆ. ನಾರಾಯಣ್ ಅವರ ಮನೆ ಈಗ ಮ್ಯೂಸಿಯಂ ಆಗಿದೆ. ಅವರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಅಚ್ಚಾದದ್ದು 1935ರಲ್ಲಿ. ನಾವೆಲ್ಲ ಆ ಕಥೆಯ ಸ್ವಾಮಿಯನ್ನು ಕಂಡದ್ದು ಶಂಕರ್‌ನಾಗ್ ಟಿವಿಗೆ ಮಾಡಿದ ‘ಮಾಲ್ಗುಡಿ ಡೇಸ್’ನಲ್ಲಿ, ಮಾಸ್ಟರ್ ಮಂಜುನಾಥನ ಮುಖದಲ್ಲಿ. ಪಾಪ, ಸ್ವಾಮಿ ಮಾಡಿದ ಒಂದು ಕೆಲಸವಾದರೂ ಅವನ ಸ್ವಂತ ಬುದ್ಧಿಯದ್ದೇ? ಪೊಲೀಸ್ ಅಧಿಕಾರಿಯ ಮನೆಯ ಹೊಸ ಹುಡುಗ ರಾಜಂ ಜೊತೆ ಓಡಾಡಿದ್ದಕ್ಕೆ ಹಳೆಯ ಗೆಳೆಯರು ‘ಬಾಲ’ ಎಂದು ಅಣಕಿಸಿ ಅಳಿಸುತ್ತಾರೆ. ಸ್ವದೇಶಿ ಸಭೆಯಲ್ಲಿ ಪರದೇಶದ ಬಟ್ಟೆ ಸುಡುವಾಗ ಗುಂಪಿನಲ್ಲಿ ಯಾರೋ, “ನಿನ್ನ ತಲೆ ಮೇಲಿರೋದೂ ಪರದೇಶದ್ದೇ” ಎಂದ ಮಾತಿಗೆ ತನ್ನ ಟೋಪಿಯನ್ನೇ ಕಿತ್ತು ಬೆಂಕಿಗೆ ಎಸೆಯುತ್ತಾನೆ. ಮಾರನೆಯ ದಿನ ಅಪ್ಪ ಕೇಳಿದಾಗ ಗೊತ್ತಾಗುತ್ತದೆ, ಸುಟ್ಟು ಬೂದಿಯಾದದ್ದು ಅಪ್ಪಟ ಖಾದಿ ಟೋಪಿ! ಇನ್ನು ಮುಷ್ಕರದ ಗಲಾಟೆಯಲ್ಲಿ ಶಾಲೆಯ ಕಿಟಕಿ ಗಾಜಿಗೂ ಕಲ್ಲು. ಗುಂಪಲ್ಲಿ ಗೋವಿಂದ ಎನ್ನುವುದಕ್ಕೆ ಇನ್ನೇನು ಬೇಕು? ಆಗ ಇನ್‌ಸ್ಟಾಗ್ರಾಮ್ ಇರಲಿಲ್ಲ, ರೀಲ್ಸ್ ಇರಲಿಲ್ಲ. ಸಹವಾಸ ಮಾತ್ರ ಭರ್ತಿ ಇತ್ತು.

ಅದೇ ಯಾದವಗಿರಿಯಲ್ಲಿ ಐಡಿಯಲ್ ಜಾವಾ ಕಾರ್ಖಾನೆಯೂ ಇತ್ತು. ಅರವತ್ತರ ದಶಕದ ಶುರುವಿನಲ್ಲಿ ಅಲ್ಲಿಂದ ಜಾವಾ ಬೈಕುಗಳು ಹೊರಬಂದವು, 1973ರಿಂದ ಯೆಜ್ಡಿ, 1996ರಲ್ಲಿ ಬಾಗಿಲು. ಈಗ ಮಗನಿಗೆ, “ಬೇರೆಯವರ ಹತ್ರ ಇದೆ ಅಂತ ನಿಂಗೂ ಬೇಕೇನೋ?” ಎಂದು ಭಾಷಣ ಬಿಗಿಯುವ ಅಪ್ಪಂದಿರನ್ನು ಸ್ವಲ್ಪ ಪಕ್ಕಕ್ಕೆ ಕರೆದು ವಿಚಾರಿಸಿ. ಎಂಬತ್ತರ ದಶಕದಲ್ಲಿ ಗೆಳೆಯನೊಬ್ಬ ಡುಗುಡುಗು ಎಂದು ಯೆಜ್ಡಿ ಮೇಲೆ ದೇವರಾಜ ಅರಸು ರಸ್ತೆಗೆ ಬಂದದ್ದೇ ತಡ, ಮನೆಯಲ್ಲಿ ಊಟ ಬಿಟ್ಟು ಮುಷ್ಕರ ಹೂಡಿದವರು ಇವರೇ. ಇವರ ಅಪ್ಪ ಆಗ ಹೇಳಿದ್ದೇನು? “ಸಹವಾಸ ಸರಿಯಿಲ್ಲ.” ಆ ಕೆಟ್ಟ ಸಹವಾಸದವರೆಲ್ಲ ಈಗ ರಿಟೈರಾಗಿ ವಾಟ್ಸಾಪ್ ಗುಂಪಿನಲ್ಲಿ ಬೆಳಗಾನೆದ್ದು ಸುಭಾಷಿತ ಕಳಿಸುತ್ತಿದ್ದಾರೆ.

ಅಂದರೆ ಹೆದರಬೇಕಾದ್ದು ಏನೂ ಇಲ್ಲವೆ? ಇದೆ. ಸರಸ್ವತಿಪುರಂನಲ್ಲಿ ಸಂಜೆ ಟ್ಯೂಷನ್ ಬಿಡುವ ಹೊತ್ತಿಗೆ ಚುರುಮುರಿ ಗಾಡಿಯ ಪಕ್ಕ ನಿಂತರೆ ಅದು ಕಣ್ಣಿಗೇ ಬೀಳುತ್ತದೆ. ಮೊನ್ನೆ ಹಾಗೇ ನಿಂತಿದ್ದೆ. ಒಬ್ಬ ಹುಡುಗ ಸ್ಕೂಟರ್ ಮೇಲೆ ಕೂತಿದ್ದ, ಹೆಲ್ಮೆಟ್ಟು ಮೊಣಕೈಯಲ್ಲಿ ನೇತಾಡುತ್ತಿತ್ತು. “ಬಾ ಮಗಾ, ರಿಂಗ್ ರೋಡಲ್ಲಿ ಒಂದು ರೌಂಡ್ ಹೊಡ್ಕೊಂಡು ಬರೋಣ. ವೀಲಿಂಗ್ ತೋರಿಸ್ತೀನಿ” ಅಂದ. ಕನ್ನಡಕದ ಹುಡುಗನೊಬ್ಬ, “ಬೇಡ ಮಗಾ, ಲೇಟಾಗುತ್ತೆ” ಅಂದ. “ಯಾಕೋ, ಮಮ್ಮಿ ಬೈತಾರಾ?” ಸುತ್ತ ನಿಂತವರೆಲ್ಲ ಗೊಳ್ಳೆಂದರು. ಕನ್ನಡಕದವನು ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದ, ಕೈಯಲ್ಲಿದ್ದ ಚುರುಮುರಿ ಪೊಟ್ಟಣದ ಬುಡ ನೆನೆದು ಹೋಗುತ್ತಿತ್ತು. ‘ಮಮ್ಮಿ ಬೈತಾರಾ’ ಎನ್ನುವ ಎರಡು ಪದಕ್ಕೆ ಹೆದರಿ ಈ ದೇಶದ ಹುಡುಗರು ಮೊದಲ ಸಿಗರೇಟು ಹಚ್ಚಿದ್ದಾರೆ, ಈಜು ಬಾರದೆ ಕಾವೇರಿಗೆ ಇಳಿದಿದ್ದಾರೆ. ಅವನ ಒಂದು ಕಾಲು ಆಗಲೇ ಸ್ಕೂಟರಿನ ಕಡೆ ಹೊರಟಿತ್ತು.

ಆಗ ಬಾಯ್ತುಂಬ ಚುರುಮುರಿ ತುಂಬಿಕೊಂಡಿದ್ದ ಇನ್ನೊಬ್ಬ, “ನಾನೂ ಬರಲ್ಲ ಕಣೋ. ನಾಳೆ ಫಿಸಿಕ್ಸ್ ಟೆಸ್ಟ್ ಐತೆ” ಅಂದ. ಅಷ್ಟೇ. ಭಾಷಣವಿಲ್ಲ, ಬುದ್ಧಿವಾದವಿಲ್ಲ. ಕನ್ನಡಕದವನ ಮುಖಕ್ಕೆ ಜೀವ ಬಂತು. ಸ್ಕೂಟರಿನ ವೀರ, “ಹೋಗ್ರೋ ಪುಕ್ಲರಾ” ಎಂದು ಬೈದ, ಗಾಡಿಗೆ ಸ್ಟ್ಯಾಂಡ್ ಹಾಕಿದ, “ಅಣ್ಣಾ, ಇನ್ನೊಂದು ಕೊಡಿ, ಖಾರ ಜಾಸ್ತಿ ಇರಲಿ” ಅಂದ. ರಿಂಗ್ ರೋಡ್ ಕಾರ್ಯಕ್ರಮ ರದ್ದು.

ಆ ರೌಂಡು ನಡೆದು ಪೊಲೀಸರ ಕೈಗೆ ಸಿಕ್ಕಿದ್ದರೆ ಏನಾಗುತ್ತಿತ್ತು? 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಪ್ರಕಾರ ಅಪ್ರಾಪ್ತನಿಗೆ ಗಾಡಿ ಕೊಟ್ಟ ಅಪ್ಪನಿಗೋ ಮಾಲೀಕನಿಗೋ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಗಮನಿಸಿ, ಕಾನೂನು ಸಹವಾಸ ಯಾರದ್ದು ಎಂದು ಕೇಳುವುದೇ ಇಲ್ಲ, ಕೀಲಿ ಯಾರದ್ದು ಎಂದು ಕೇಳುತ್ತದೆ.

ಹುಡುಗರ ತಲೆಯೊಳಗೆ ಆ ಹೊತ್ತಿಗೆ ನಡೆಯುವುದಾದರೂ ಏನು? ಅಮೆರಿಕದ ಮಾರ್ಗೊ ಗಾರ್ಡ್ನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ 2005ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಬೇರೆ ಬೇರೆ ವಯಸ್ಸಿನವರಿಗೆ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಕೊಟ್ಟರು. ಹಳದಿ ದೀಪ ಬಿದ್ದ ಮೇಲೂ ನುಗ್ಗಬೇಕೋ ನಿಲ್ಲಬೇಕೋ ಎನ್ನುವುದು ಆಟ. ಒಬ್ಬರೇ ಆಡಿದಾಗ ಹದಿಹರೆಯದವರು ಮಹಾ ದಡ್ಡರೇನಲ್ಲ, ಹೆಚ್ಚುಕಮ್ಮಿ ದೊಡ್ಡವರಂತೆಯೇ ಆಡಿದರು. ಗೆಳೆಯರು ಬಂದು ನಿಂತರೋ, ಕೆಟ್ಟಿತು. 24 ದಾಟಿದವರಿಗೆ ಮಾತ್ರ ಗೆಳೆಯರಿದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಮಗನಿಗೆ ಬುದ್ಧಿಯಿಲ್ಲ ಎಂದು ಕೊರಗುವ ತಾಯಂದಿರೇ, ಬುದ್ಧಿ ಇದೆ. ಗೆಳೆಯರ ಎದುರಿಗೆ ಅದು ರಜೆ ಹಾಕುತ್ತದೆ.

ಇದಕ್ಕಿಂತ ಸ್ವಾರಸ್ಯದ್ದು ಸೊಲೊಮನ್ ಆಶ್ ಎನ್ನುವವರು ಐವತ್ತರ ದಶಕದ ಶುರುವಿನಲ್ಲಿ ಮಾಡಿದ ತಮಾಷೆ. ಮೂರು ಗೆರೆಗಳಲ್ಲಿ ಯಾವುದು ಮಾದರಿ ಗೆರೆಯಷ್ಟು ಉದ್ದ ಎಂದು ಹೇಳಬೇಕು, ಮಗುವೂ ಹೇಳುವ ಲೆಕ್ಕ. ಆದರೆ ಕೋಣೆಯಲ್ಲಿದ್ದ ಉಳಿದವರೆಲ್ಲ ಮೊದಲೇ ಮಾತಾಡಿಕೊಂಡು ಬೇಕೆಂದೇ ತಪ್ಪು ಹೇಳುತ್ತಿದ್ದರು. ಪಾಪ, ನಿಜವಾಗಿ ಪರೀಕ್ಷೆಗೆ ಕೂತವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಒಂದಲ್ಲ ಒಂದು ಸಲ ಕಣ್ಣಿಗೆ ಕಂಡದ್ದನ್ನು ಬಿಟ್ಟು ಗುಂಪಿಗೆ ‘ಹೂಂ’ ಎಂದರು. ಆಮೇಲೆ ಆಶ್ ಒಂದೇ ಒಂದು ಬದಲಾವಣೆ ಮಾಡಿದರು. ಗುಂಪಿನೊಳಗೆ ಸರಿಯಾದ ಉತ್ತರ ಹೇಳುವವನನ್ನು ಒಬ್ಬನನ್ನು ಕೂರಿಸಿದರು. ಒಬ್ಬನೇ ಒಬ್ಬ! ಗುಂಪಿನ ಜೋರು ಅಲ್ಲಿಗೇ ಇಳಿದು, ಹೂಂಗುಟ್ಟುವುದು ಬಹುಪಾಲು ನಿಂತೇ ಹೋಯಿತು. ಆಶ್ ಅಷ್ಟು ಕಷ್ಟಪಟ್ಟು ಕಂಡುಕೊಂಡದ್ದನ್ನು ನಮ್ಮ ಸರಸ್ವತಿಪುರಂ ಹುಡುಗ ಬಾಯಲ್ಲಿ ಚುರುಮುರಿ ಇಟ್ಟುಕೊಂಡೇ ಮಾಡಿ ತೋರಿಸಿದ್ದ. ಗೆಳೆಯರಿಂದ ಬಂದದ್ದಕ್ಕೆ ಔಷಧಿ ಅಪ್ಪನ ಬೆಲ್ಟಲ್ಲ, ಇನ್ನೊಬ್ಬ ಗೆಳೆಯ.

ಗೆಳೆಯರ ಒತ್ತಾಯ ಇಲ್ಲದಿದ್ದರೆ ಈ ಊರಿನ ಅರ್ಧ ಸಂಭ್ರಮವೇ ಇರುತ್ತಿರಲಿಲ್ಲ ಎನ್ನುವುದನ್ನೂ ಹೇಳಬೇಕು. ದಸರೆಗೆ ಮುಂಚೆ ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲಿ ಯುವ ಸಂಭ್ರಮ ನಡೆಯುತ್ತದಲ್ಲ, ಅಲ್ಲಿ ಹಿಂದಿನ ಸಾಲಿನಲ್ಲಿ ಕುಣಿಯುವವರನ್ನು ನೋಡಿ. ಮನೆಗೆ ನೆಂಟರು ಬಂದರೆ ರೂಮಿನಿಂದ ಹೊರಗೆ ಬಾರದ ಹುಡುಗ ಅವನು. “ಒಬ್ಬ ಕಮ್ಮಿ ಬೀಳ್ತಾನೆ, ಬಾರೋ” ಎಂದು ಗೆಳೆಯರು ಕಾಲರ್ ಹಿಡಿದು ಎಳೆತಂದದ್ದಕ್ಕೆ ಸಾವಿರಾರು ಜನರ ಮುಂದೆ ಕಂಸಾಳೆ ಬೀಸುತ್ತಿದ್ದಾನೆ. ರಂಗಾಯಣದ ಚಿಣ್ಣರ ಮೇಳಕ್ಕೆ ಮೊದಲ ದಿನ ಅಳುತ್ತ ಹೋದ ಮಕ್ಕಳನ್ನು ಕೊನೆಯ ದಿನ ಮನೆಗೆ ಕರೆತರುವುದೇ ಸಾಹಸ. ಬೆಳಕು ಹರಿಯುವ ಮುನ್ನ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವ ಹುಡುಗರ ದಂಡಿನಲ್ಲಿ ಒಬ್ಬನಾದರೂ ಅಲಾರಂ ಸದ್ದಿಗೆ ಎದ್ದಿರುತ್ತಾನೆಯೇ? ಎಬ್ಬಿಸಿದ್ದು ಕೆಳಗೆ ನಿಂತು ಕೂಗಿದ ಗೆಳೆಯ. ನಂದಿಯ ಹತ್ತಿರ ಏದುಸಿರು ಬಿಡುತ್ತ, “ನನ್ನ ಕೈಲಾಗಲ್ಲ” ಎಂದವನನ್ನು ಮೇಲಕ್ಕೆ ತಳ್ಳಿದ್ದೂ ಅವನೇ.

ಇನ್ನೂ ದೊಡ್ಡದೂ ನಡೆದಿದೆ. 1947ರ ಸೆಪ್ಟೆಂಬರ್. ದೇಶಕ್ಕೆ ಸ್ವಾತಂತ್ರ್ಯ ಬಂದಿದ್ದರೂ ಮೈಸೂರು ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರ ಬಂದಿರಲಿಲ್ಲ. ‘ಮೈಸೂರು ಚಲೋ’ ಕೂಗಿಗೆ ವಿದ್ಯಾರ್ಥಿಗಳು ತರಗತಿ ಬಿಟ್ಟು ಒಬ್ಬರ ಹಿಂದೊಬ್ಬರು ಬೀದಿಗಿಳಿದರು. ಅವರಲ್ಲಿ ರಾಮಸ್ವಾಮಿ ಎಂಬ ಹುಡುಗ ಗುಂಡಿಗೆ ಬಲಿಯಾದ. ಅಕ್ಟೋಬರ್ ಕೊನೆಗೆ ಕೆ.ಸಿ. ರೆಡ್ಡಿಯವರ ಸರ್ಕಾರ ಬಂತು. ನಾವು ದಿನಾ ಸಿಗ್ನಲ್ಲಿಗೆ ಶಾಪ ಹಾಕುವ ರಾಮಸ್ವಾಮಿ ಸರ್ಕಲ್ಲಿಗೆ ಆ ಹೆಸರು ಬಂದದ್ದು ಅವನಿಂದ. ಆ ದಿನ ಹೊರಟ ಹುಡುಗರ ಮನೆಗಳಲ್ಲೂ “ಸಹವಾಸ ಸರಿಯಿಲ್ಲ” ಎಂದವರು ಇದ್ದೇ ಇದ್ದಿರಬೇಕು.

ಇನ್ನು ದೊಡ್ಡವರ ಸಂಗತಿ. 24 ದಾಟಿದ ಮೇಲೆ ಗೆಳೆಯರ ಪ್ರಭಾವ ಇಳಿಯುತ್ತದೆ ಎಂದು ತೋರಿಸಿದ ವಿಜ್ಞಾನಿಗಳು ನಮ್ಮ ಪೋಷಕರ ಸಭೆಗೆ ಬಂದಿಲ್ಲ, ಅಷ್ಟೆ. ಎದುರುಮನೆಯವರು ಮಗಳನ್ನು ಎಂಟನೇ ಕ್ಲಾಸಿಗೇ ನೀಟ್ ಫೌಂಡೇಷನ್ ಕೋರ್ಸಿಗೆ ಸೇರಿಸಿದರು ಎಂದು ಗೊತ್ತಾದ ರಾತ್ರಿ ಈ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಬೆಳಗಾದರೆ ಇವರ ಮಗಳೂ ಅಲ್ಲೇ. ಆ ಹುಡುಗಿಗೆ ಚಿತ್ರ ಬರೆಯುವುದು ಇಷ್ಟ, ಕಲೆ ಕಲಿಸುವ ಕಾವಾ ಕಾಲೇಜು ಇದೇ ಊರಿನಲ್ಲಿದೆ, ಆದರೂ ಬಯಾಲಜಿ ಬೇಕು. ಯಾಕೆ? “ಎಲ್ಲರೂ ತಗೋತಾರೆ.” ಇದೇ ಮಾತನ್ನು ಮಗಳು ಹರಿದ ಜೀನ್ಸಿನ ಬಗ್ಗೆ ಹೇಳಿದಾಗ, “ಎಲ್ಲರೂ ಬಾವಿಗೆ ಬಿದ್ರೆ ನೀನೂ ಬೀಳ್ತೀಯಾ?” ಎಂದು ಕೇಳಿದ್ದವರು ಇವರೇ.

ಆದ್ದರಿಂದ ಮಗನ ಗೆಳೆಯರ ಜಾತಕ ಜಾಲಾಡುವುದನ್ನು ಬಿಟ್ಟು ಅವರನ್ನು ಭಾನುವಾರ ಮನೆಗೇ ಕರೆಯಿರಿ. ಬಿಸಿಬೇಳೆಬಾತು ಮುಗಿಯುವುದರೊಳಗೆ ಯಾರು ಎಳೆಯುವವನು, ಯಾರು ತಡೆಯುವವನು ಎನ್ನುವುದು ನಿಮಗೇ ತಿಳಿಯುತ್ತದೆ. ತಡೆಯುವವನ ತಟ್ಟೆಗೆ ಇನ್ನೊಂದು ಸೌಟು ಹೆಚ್ಚಿಗೆ ಬಡಿಸಿ. ರಾತ್ರಿ ಮಗನಿಗೆ, “ಯಾರ ಜೊತೆ ಸುತ್ತಿದೆ?” ಎನ್ನುವ ಬದಲು, “ಇವತ್ತು ಯಾರಾದರೂ ಬೇಡ ಅಂದಾಗ ನೀನು ಅವನ ಪಕ್ಕ ನಿಂತೆಯಾ?” ಎಂದು ಕೇಳಿ ನೋಡಿ. “ಸುಮ್ನಿರಪ್ಪಾ” ಎಂದು ಎದ್ದು ಹೋಗುತ್ತಾನೆ, ಬೇಸರ ಬೇಡ, ಕೇಳಿಸಿಕೊಂಡಿರುತ್ತಾನೆ. ಅದರ ಬದಲು ಕೂತು, ನಗುಮುಖದಲ್ಲಿ, ಪೂರ್ತಿ ವಾಕ್ಯದಲ್ಲಿ ಉತ್ತರ ಕೊಟ್ಟನೋ, ಎಚ್ಚರ. ಮುಂದಿನ ವಾಕ್ಯದಲ್ಲಿ ಬೈಕ್ ಕೇಳುತ್ತಾನೆ.