ಪೊಟ್ಯಾಸಿಯಂ-40 ಅವರಿಗೆ ತೆರವು ನೋಟಿಸು

ಇವರಿಂದ: ಕಾರ್ಯದರ್ಶಿ, ಬಡಾವಣೆ ನಿವಾಸಿಗಳ ಸಂಘ, ಬೆಂಗಳೂರು
ಇವರಿಗೆ: ಶ್ರೀ ಪೊಟ್ಯಾಸಿಯಂ-40, ಸಂಘದ ಸಮಸ್ತ ಸದಸ್ಯರ ಮಾಂಸಖಂಡಗಳು
ವಿಷಯ: ಅನುಮತಿ ಇಲ್ಲದೆ ವಾಸವಾಗಿದ್ದು ವಿಕಿರಣ ಸೂಸುತ್ತಿರುವ ಬಗ್ಗೆ

ಮಾನ್ಯರೇ,

ಕಳೆದ ಸರ್ವಸದಸ್ಯರ ಸಭೆಯಲ್ಲಿ ನಮ್ಮ ಬಡಾವಣೆಯನ್ನು 'ವಿಕಿರಣಮುಕ್ತ' ಮಾಡಬೇಕೆಂದು ಸರ್ವಾನುಮತದಿಂದ ತೀರ್ಮಾನವಾಯಿತು. ಮೂರನೇ ಕ್ರಾಸಿನ ತಾರಸಿಯೊಂದರ ಮೇಲೆ ಮೊಬೈಲ್ ಟವರು ಏಳುವುದನ್ನು ತಡೆಯಬೇಕೆಂಬುದು ಸಭೆಯ ಆಶಯ. ಬಡಾವಣೆಯಲ್ಲಿ ಈಗಾಗಲೇ ಇರುವ ವಿಕಿರಣ ಮೂಲಗಳನ್ನು ಪಟ್ಟಿ ಮಾಡುವ ಕೆಲಸ ನನ್ನ ಕೊರಳಿಗೆ ಬಿತ್ತು. ಪಟ್ಟಿಯಲ್ಲಿ ಮೊದಲು ಬಂದ ಹೆಸರೇ ತಮ್ಮದು. ವಾಸ ಮಾತ್ರ ಮೂರನೇ ಕ್ರಾಸಿನಲ್ಲಲ್ಲ. ಅಧ್ಯಕ್ಷರ ತೊಡೆಯಲ್ಲಿ, ಖಜಾಂಚಿಯವರ ಗುಂಡಿಗೆಯಲ್ಲಿ, ಟವರಿನ ವಿರುದ್ಧದ ಮನವಿಗೆ ರುಜು ಹಾಕಿದ ಪ್ರತಿಯೊಂದು ಕೈಯಲ್ಲಿ ತಾವಿದ್ದೀರಿ.

ಎಪ್ಪತ್ತು ಕೆ.ಜಿ. ತೂಗುವ ವಯಸ್ಕನ ಮೈಯಲ್ಲಿ ಸುಮಾರು 140 ಗ್ರಾಂ ಪೊಟ್ಯಾಸಿಯಂ ಇರುತ್ತದಂತೆ. ಅದರಲ್ಲಿ ತಮ್ಮ ಪಾಲು ಶೇ. 0.0117, ಅಂದರೆ ಸುಮಾರು ಹತ್ತು ಸಾವಿರ ಪರಮಾಣುಗಳಿಗೆ ಒಂದರಂತೆ. ಎಲ್ಲ ಸೇರಿಸಿ ತೂಗಿದರೂ 17 ಮಿಲಿಗ್ರಾಂ ದಾಟುವುದಿಲ್ಲ. ಅಷ್ಟು ಅಲ್ಪಸಂಖ್ಯಾತರಾಗಿದ್ದುಕೊಂಡು ಒಬ್ಬೊಬ್ಬ ಸದಸ್ಯರೊಳಗೂ ಸೆಕೆಂಡಿಗೆ ನಾಲ್ಕು ಸಾವಿರಕ್ಕೂ ಹೆಚ್ಚು ಬಾರಿ ಸಿಡಿಯುತ್ತೀರಿ. ಮೈಕಿನ ಮುಂದೆ ಅಧ್ಯಕ್ಷರು 'ವಿಕಿರಣ' ಎಂದು ಹೇಳಿ ಮುಗಿಸುವಷ್ಟರಲ್ಲಿ ಅವರ ಒಳಗೇ ಅಷ್ಟು ಸಿಡಿತಗಳು ಆಗಿಹೋಗಿದ್ದವು. ಈ ವಿಚಾರ ಅವರಿಗೆ ಇನ್ನೂ ತಿಳಿಸಿಲ್ಲ. ಅವರಿಗೆ ಬಿಪಿ ಇದೆ.

ತಮ್ಮನ್ನು ಒಳಗೆ ಬಿಟ್ಟವರು ಯಾರೆಂದು ವಿಚಾರಿಸಿದೆ. ಜೀವಕೋಶದ ಪೊರೆಯಲ್ಲಿ ಸೋಡಿಯಂ-ಪೊಟ್ಯಾಸಿಯಂ ಪಂಪು ಎಂಬ ಪ್ರೋಟೀನು ಹಗಲಿರುಳು ಕಾವಲಿರುತ್ತದೆ. ಮೂರು ಸೋಡಿಯಂ ಅಯಾನುಗಳನ್ನು ಹೊರಗೆ ದಬ್ಬಿ ಎರಡು ಪೊಟ್ಯಾಸಿಯಂ ಅಯಾನುಗಳನ್ನು ಒಳಗೆ ಎಳೆದುಕೊಳ್ಳುವುದು ಅದರ ಕೆಲಸ. ಅದು ನೋಡುವುದು ಅಯಾನಿನ ಗಾತ್ರವನ್ನು, ವಿದ್ಯುದಂಶವನ್ನು. ಅವೆರಡೂ ತಮಗೂ ತಮ್ಮ ಅಣ್ಣತಮ್ಮಂದಿರಾದ 39 ಮತ್ತು 41ಕ್ಕೂ ಒಂದೇ. ಮೂವರ ನ್ಯೂಕ್ಲಿಯಸ್ಸಿನಲ್ಲೂ ಹತ್ತೊಂಬತ್ತು ಪ್ರೋಟಾನುಗಳು, ಹೊರಗಿನ ಎಲೆಕ್ಟ್ರಾನುಗಳ ಸಂಖ್ಯೆಯೂ ಮೂವರಿಗೂ ಒಂದೇ. ವ್ಯತ್ಯಾಸವೆಲ್ಲ ನ್ಯೂಟ್ರಾನಿನದು: 39ಕ್ಕೆ ಇಪ್ಪತ್ತು, ತಮಗೆ ಇಪ್ಪತ್ತೊಂದು, 41ಕ್ಕೆ ಇಪ್ಪತ್ತೆರಡು. ವಿದ್ಯುದಂಶವೇ ಇಲ್ಲದ ಈ ನ್ಯೂಟ್ರಾನು ರಸಾಯನಶಾಸ್ತ್ರದ ವ್ಯವಹಾರಕ್ಕೆ ತಲೆ ಹಾಕುವುದಿಲ್ಲ. 1932ರಲ್ಲಿ ಜೇಮ್ಸ್ ಚಾಡ್ವಿಕ್ ಪತ್ತೆ ಹಚ್ಚುವವರೆಗೆ ವಿಜ್ಞಾನಿಗಳ ಕೈಗೂ ಸಿಕ್ಕಿರಲಿಲ್ಲ. ಪಂಪಿನ ಮೇಲೆ ಶಿಸ್ತುಕ್ರಮ ಜರುಗಿಸುವುದು ಬೇಡವೆಂದು ನನ್ನ ಅಭಿಪ್ರಾಯ.

ತಮ್ಮ ತಾಪತ್ರಯದ ಮೂಲವೂ ಅಲ್ಲೇ ಇದೆ. ಹತ್ತೊಂಬತ್ತು, ಇಪ್ಪತ್ತೊಂದು: ಎರಡೂ ಬೆಸ. ಪ್ರೋಟಾನುಗಳೂ ನ್ಯೂಟ್ರಾನುಗಳೂ ತಂತಮ್ಮಲ್ಲಿ ಜೋಡಿ ಕಟ್ಟಿಕೊಂಡರೆ ನ್ಯೂಕ್ಲಿಯಸ್ಸಿಗೆ ನೆಮ್ಮದಿ. ತಮ್ಮಲ್ಲಿ ಎರಡೂ ಕಡೆ ಒಬ್ಬೊಬ್ಬರು ಒಂಟಿ. ಪಾರಾಗಲು ತಾವು ಎರಡು ದಾರಿ ಕಂಡುಕೊಂಡಿದ್ದೀರಿ. ನೂರಕ್ಕೆ ಸುಮಾರು ಎಂಬತ್ತೊಂಬತ್ತು ಸಲ ಒಂದು ನ್ಯೂಟ್ರಾನು ಎಲೆಕ್ಟ್ರಾನೊಂದನ್ನು ಉಗುಳಿ ಪ್ರೋಟಾನಾಗುತ್ತದೆ. ತಾವು ಕ್ಯಾಲ್ಸಿಯಂ-40 ಆಗಿ ಏಳುತ್ತೀರಿ. ಉಳಿದ ಹನ್ನೊಂದು ಸಲ ಒಂದು ಪ್ರೋಟಾನು ತಮ್ಮದೇ ಎಲೆಕ್ಟ್ರಾನನ್ನು ನುಂಗಿ ನ್ಯೂಟ್ರಾನಾಗುತ್ತದೆ. ಆಗ ಗಾಮಾ ಕಿರಣವೊಂದನ್ನು ಬಿಟ್ಟು ಆರ್ಗಾನ್-40 ಆಗುತ್ತೀರಿ. ಎರಡು ಕಡೆಯೂ ಸಮಸಂಖ್ಯೆಗಳೇ. ತೂಕವೂ ಹೆಚ್ಚುಕಡಿಮೆ ಅದೇ, ನಲವತ್ತು.

ಈ ಎರಡನೆಯ ದಾರಿಯ ಬಗ್ಗೆ ಒಂದು ಹಳೆಯ ದೂರಿದೆ. ನಾವು ಉಸಿರಾಡುವ ಗಾಳಿಯಲ್ಲಿ ಸುಮಾರು ಶೇ. 0.93 ಆರ್ಗಾನ್. ಅದರಲ್ಲಿ ಶೇ. 99ಕ್ಕೂ ಹೆಚ್ಚು ಆರ್ಗಾನ್-40, ಅಂದರೆ ಭೂಮಿಯ ಬಂಡೆಗಳೊಳಗೆ ಕೂತು ತಾವು ಹೆತ್ತ ಸಂತಾನ. ಪೀಣ್ಯದ ಶೆಡ್ಡುಗಳಲ್ಲಿ 'ಆರ್ಗಾನ್ ವೆಲ್ಡಿಂಗ್' ಮಾಡುವವರು ಸಿಲಿಂಡರಿನಿಂದ ಬಿಡುವುದೂ ಅದನ್ನೇ. ವೆಲ್ಡಿಂಗಿಗೆ ನಮ್ಮ ತಕರಾರಿಲ್ಲ. ಆದರೆ ಮೆಂಡಲೀವರಿಗೆ ತಾವು ಕೊಟ್ಟ ಕಾಟ ಸಣ್ಣದಲ್ಲ. ಅವರು ಮೂಲವಸ್ತುಗಳನ್ನು ಪರಮಾಣು ತೂಕದ ಪ್ರಕಾರ ಸಾಲಾಗಿ ಕೂರಿಸಿದ್ದರು. 1894ರಲ್ಲಿ ರ್‍ಯಾಲೆ ಮತ್ತು ರ್‍ಯಾಮ್ಸೆ ಗಾಳಿಯಿಂದ ಆರ್ಗಾನ್ ಹಿಡಿದು ತಂದು ತೂಗಿದರೆ ಹತ್ತಿರ ಹತ್ತಿರ ನಲವತ್ತು. ಪೊಟ್ಯಾಸಿಯಂ 39.1. ತೂಕ ನಂಬಿದರೆ ಪೊಟ್ಯಾಸಿಯಂ ಮೊದಲು ಬರಬೇಕು. ಗುಣ ನಂಬಿದರೆ ಆರ್ಗಾನ್. ನೀರಿಗೆ ಬಿದ್ದರೆ ಹೊತ್ತಿ ಉರಿಯುವ ಲೋಹವನ್ನು ಯಾರ ತಂಟೆಗೂ ಹೋಗದ ಅನಿಲಗಳ ಸಾಲಿನಲ್ಲಿ ಕೂರಿಸುವುದು ಹೇಗೆ? ಗಾಳಿಯ ಆರ್ಗಾನಿಗೆ ಅಷ್ಟು ತೂಕ ಬಂದದ್ದು ತಮ್ಮಿಂದ ಎಂದು ಆಗ ಯಾರಿಗೂ ಹೊಳೆಯಲಿಲ್ಲ.

ಗಂಟು ಬಿಡಿಸಿದವನು ಹೆನ್ರಿ ಮೋಸ್ಲಿ ಎಂಬ ಹುಡುಗ. 1913ರಲ್ಲಿ ಮೂಲವಸ್ತುಗಳ ಎಕ್ಸ್-ಕಿರಣಗಳನ್ನು ಅಳೆದು, ಸಾಲು ನಿರ್ಧರಿಸಬೇಕಾದದ್ದು ತೂಕವಲ್ಲ, ನ್ಯೂಕ್ಲಿಯಸ್ಸಿನ ವಿದ್ಯುದಂಶ ಎಂದು ತೋರಿಸಿದ. ಆರ್ಗಾನ್ 18, ಪೊಟ್ಯಾಸಿಯಂ 19, ಜಗಳ ಮುಗಿಯಿತು. ಅದೇ ವರ್ಷ ಫ್ರೆಡರಿಕ್ ಸಾಡಿ, ಒಂದೇ ಮೂಲವಸ್ತುವಿನ ಪರಮಾಣುಗಳ ತೂಕ ಬೇರೆ ಬೇರೆ ಇರಬಹುದೆಂದು ಐಸೊಟೋಪುಗಳ ಲೆಕ್ಕ ಮುಂದಿಟ್ಟ. ಎರಡು ವರ್ಷ ಕಳೆಯುವುದರೊಳಗೆ ಮೋಸ್ಲಿ ಗಲಿಪೊಲಿಯ ಯುದ್ಧದಲ್ಲಿ ಗುಂಡೇಟಿಗೆ ಬಲಿಯಾದ. ವಯಸ್ಸು ಇಪ್ಪತ್ತೇಳು. ಆ ದೂರು ತಮ್ಮ ಮೇಲಲ್ಲ.

ತಮ್ಮನ್ನು ಎಬ್ಬಿಸಲು ಸಂಘ ನಡೆಸಿದ ಪ್ರಯತ್ನಗಳನ್ನೂ ದಾಖಲಿಸುತ್ತೇನೆ. ಬಾಳೆಹಣ್ಣು, ಎಳನೀರು ಬಿಡೋಣ ಎಂದರು ಒಬ್ಬರು. ಪೊಟ್ಯಾಸಿಯಂ ತೀರಾ ಇಳಿದರೆ ಹೃದಯದ ಬಡಿತವೇ ತಪ್ಪುತ್ತದೆ, ಹೆಚ್ಚಾದದ್ದನ್ನು ಮೂತ್ರಪಿಂಡಗಳು ಹೊರಗೆ ಹಾಕಿ ಮಟ್ಟ ಕಾಯ್ದುಕೊಳ್ಳುತ್ತವೆ ಎಂದು ಸದಸ್ಯರಾಗಿರುವ ಡಾಕ್ಟರು ಹೇಳಿದ ಮೇಲೆ ಆ ಸಲಹೆ ಬಿದ್ದುಹೋಯಿತು. ಅಧ್ಯಕ್ಷರು ಬಿಪಿಗೆಂದು ಬಳಸುವ ಕಡಿಮೆ ಸೋಡಿಯಂ ಉಪ್ಪಿನಲ್ಲಿ ಸೋಡಿಯಮ್ಮಿನ ಜಾಗಕ್ಕೆ ತಾವೇ ಬಂದಿದ್ದೀರಿ. ಅಡುಗೆಮನೆಯ ಗ್ರಾನೈಟ್ ಕಟ್ಟೆಯಲ್ಲೂ ಇದ್ದೀರಿ. ಊರಲ್ಲಿ ತೋಟವಿರುವ ಸದಸ್ಯರು ಕಾರಿನ ಡಿಕ್ಕಿಯಲ್ಲಿ ಒಯ್ಯುವ ಐವತ್ತು ಕೆ.ಜಿ. ಪೊಟ್ಯಾಷ್ ಚೀಲದಲ್ಲಿ ತಮ್ಮ ಸಿಡಿತ ಸೆಕೆಂಡಿಗೆ ಏಳು ಲಕ್ಷಕ್ಕೂ ಹೆಚ್ಚು. ಅಣು ಸ್ಥಾವರಗಳಲ್ಲಿ ನೌಕರರ ಮೈಯೊಳಗೆ ಏನಾದರೂ ಸೇರಿದೆಯೇ ಎಂದು ಯಂತ್ರದಲ್ಲಿ ಅಳೆಯುತ್ತಾರಲ್ಲ, ಅಲ್ಲಿ ಏನೂ ಸೇರದವರ ಲೆಕ್ಕದಲ್ಲೂ ತಮ್ಮ ಗಾಮಾ ಗೆರೆ ಎದ್ದು ಕಾಣುತ್ತದೆ.

ಆ ಗಾಮಾ ಕಿರಣದ ಶಕ್ತಿ 14.6 ಲಕ್ಷ ಎಲೆಕ್ಟ್ರಾನ್ ವೋಲ್ಟ್. ಮೊಬೈಲ್ ಟವರಿನ ಒಂದು ಫೋಟಾನಿನ ಶಕ್ತಿಗೆ ಹೋಲಿಸಿದರೆ ಹಲವು ಸಾವಿರ ಕೋಟಿ ಪಟ್ಟು. ತಮ್ಮದು ಪರಮಾಣುವಿನಿಂದ ಎಲೆಕ್ಟ್ರಾನನ್ನು ಕಿತ್ತೆಸೆಯಬಲ್ಲದು. ಟವರಿನದಕ್ಕೆ ಆ ತಾಕತ್ತಿಲ್ಲ. ಹಾಗಿದ್ದೂ ತಮ್ಮಿಂದ ನಮಗೆ ಬೀಳುವ ಪಾಲು ವರ್ಷಕ್ಕೆ ಸುಮಾರು 0.17 ಮಿಲಿಸೀವರ್ಟ್ ಮಾತ್ರ. ನೆಲ, ಗಾಳಿ, ಆಕಾಶಗಳಿಂದ ಸಹಜವಾಗಿ ಬರುವುದೆಲ್ಲ ಸೇರಿದರೆ ಜಗತ್ತಿನ ಸರಾಸರಿ 2.4. ಟವರು ಬೇಡವೆನ್ನಲು ಜನರೇಟರಿನ ಗದ್ದಲ, ಹಳೆಯ ತಾರಸಿಯ ಮೇಲಿನ ಭಾರ ಮುಂತಾದ ನಿಜವಾದ ಕಾರಣಗಳಿದ್ದವು. ಅವುಗಳಿಗೆ ಸಭೆಯಲ್ಲಿ ಚಪ್ಪಾಳೆ ಬೀಳಲಿಲ್ಲ. ಬದಲಿಗೆ 5ಜಿ ತಡೆಯುವ ಪದಕಗಳನ್ನು ಸಗಟು ದರದಲ್ಲಿ ತರಿಸುವ ಮಾತು ಬಂತು. 2021ರ ಡಿಸೆಂಬರಿನಲ್ಲಿ ನೆದರ್ಲೆಂಡ್ಸಿನ ಅಣು ಸುರಕ್ಷತಾ ಪ್ರಾಧಿಕಾರ ಇಂಥ ಹತ್ತು ಸರಕುಗಳ ಪರೀಕ್ಷೆ ಮಾಡಿಸಿ, ಅವೇ ವಿಕಿರಣಶೀಲವಾಗಿವೆ, ಧರಿಸಬೇಡಿ ಎಂದು ಜನರನ್ನು ಎಚ್ಚರಿಸಿತ್ತು.

ಇನ್ನು ಗಡುವಿನ ವಿಚಾರ. ಏಳು ದಿನಗಳೊಳಗೆ ಜಾಗ ಖಾಲಿ ಮಾಡಬೇಕೆಂದು ನಿರ್ಣಯದಲ್ಲಿದೆ. ಆದರೆ ತಮ್ಮ ಅರ್ಧಾಯುಷ್ಯ 125 ಕೋಟಿ ವರ್ಷ. ತಾವು ನಿಷ್ಠೆಯಿಂದ ಹೊರಟರೂ ಅಷ್ಟು ಕಾಲಕ್ಕೆ ಹೋಗುವುದು ಅರ್ಧ ಮಂದಿ. ಯಾರು ಮೊದಲು, ಯಾರು ಆಮೇಲೆ ಎಂಬ ಪಟ್ಟಿ ಯಾರ ಬಳಿಯೂ ಇಲ್ಲ. ಭೂಮಿ ಹುಟ್ಟಿದಾಗ ತಾವು ಈಗಿನ ಹನ್ನೆರಡು ಪಟ್ಟು ಇದ್ದಿರಿ. ತರ್ಟಿ-ಫಾರ್ಟಿ ಸೈಟಿನ ಖಾತೆಗಾಗಿ ಕಚೇರಿಗೆ ಅಲೆಯುವ ನಾವು, 450 ಕೋಟಿ ವರ್ಷಗಳ ಸ್ವಾಧೀನವಿರುವವರಿಗೆ ಯಾವ ಕಾಯಿದೆಯ ಕೆಳಗೆ ನೋಟಿಸು ಕೊಡುತ್ತಿದ್ದೇವೆಂದು ವಕೀಲರೇ ಹೇಳಬೇಕು. ಗೇಟಿಗೆ 'ವಿಕಿರಣಮುಕ್ತ ಬಡಾವಣೆ' ಎಂದು ಬರೆಸಿದ ಬೋರ್ಡಿಗೆ ಈಗಾಗಲೇ ಮುಂಗಡ ಕೊಟ್ಟಾಗಿದೆ. ಆದ್ದರಿಂದ ನೋಡಲು ಬಂದವರ ಎದುರು ದಯವಿಟ್ಟು ಗಾಮಾ ಬಿಡಬಾರದಾಗಿ ವಿನಂತಿ.

ತಮ್ಮ ವಿಶ್ವಾಸಿ,
ಕಾರ್ಯದರ್ಶಿ

ಪ್ರತಿ: ಕ್ಯಾಲ್ಸಿಯಂ-40, ಆರ್ಗಾನ್-40 ಇವರಿಗೆ, ಮಾಹಿತಿಗಾಗಿ. ನೋಟಿಸು ತಲುಪುವಷ್ಟರಲ್ಲಿ ಸದರಿಯವರ ಹೆಸರು ಬದಲಾಗಿದ್ದಲ್ಲಿ ತಾವೇ ಸ್ವೀಕರಿಸುವುದು.