ಹಿಮವಿಲ್ಲದ ನಾಡಿನ ಗಾಳದ ಗುಡಾರ

ಹೆಪ್ಪುಗಟ್ಟಿದ ಸರೋವರದಲ್ಲಿ ತೂತು ಕೊರೆದು, ಅದರ ಮೇಲೆ ಮಡಚುವ ಗುಡಾರ ನಿಲ್ಲಿಸಿ, ಒಳಗೆ ಕುಳಿತು ಮೀನು ಹಿಡಿಯುವ ಪದ್ಧತಿ ಕೆನಡಾದಲ್ಲಿ ಸಾಮಾನ್ಯವಾಗಿದ್ದರೂ, ಗೋವೆಯಲ್ಲಿ ಮಂಜುಗಡ್ಡೆಯೆಂಬುದು ಸತ್ತ ಮೀನಿನ ಪೆಟ್ಟಿಗೆಯಲ್ಲಿ ಮಾತ್ರ ದೊರೆಯುವುದರಿಂದ, ಇಲ್ಲಿನ ಗಾಳಗಾರನ ಚಿಂತೆಯೆಲ್ಲ ಮಳೆಯದ್ದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿದ್ದು, ಮೀನುಸಾರಿನ ಆಸೆಗೆ ಮಾತ್ರ ಯಾವ ನಿಷೇಧವೂ ಇಲ್ಲದ ಆ 61 ದಿನಗಳಲ್ಲಿ, ಕನ್ನಡನಾಡಿನಲ್ಲಿ ಮಹದಾಯಿಯಾಗಿ ಹುಟ್ಟುವ ಮಾಂಡೋವಿಯ ದಡದಲ್ಲಿ ಕೂರುವವನಿಗೆ ಮೊದಲು ನೆನಪಾಗುವುದು ಕೊಡೆ. ಅದಕ್ಕೊಂದು ಕೈ ಬೇಕು, ಗಾಳಕ್ಕೆ ಇನ್ನೊಂದು, ಮೀನು ಕಚ್ಚಿದರೆ ಮೂರನೆಯದು. ಪ್ಲಾಸ್ಟಿಕ್ ಹಾಳೆ ಹೊದ್ದರೆ ಒಳಗಿನ ಬೆವರು ಹೊರಗಿನ ಮಳೆಗೆ ಪೈಪೋಟಿ ಕೊಡುತ್ತದೆ. ಇವೆರಡಕ್ಕಿಂತ ಗೊರಬೆ, ಅಂದರೆ ಬಿದಿರಿನ ಸೀಳುಗಳ ನಡುವೆ ಎಲೆಗಳನ್ನು ಒತ್ತಾಗಿ ಹಾಸಿ ಹೆಣೆದ, ನಾಟಿಯ ಹೆಂಗಸರು ಗದ್ದೆಯಲ್ಲಿ ಬಾಗಿ ದುಡಿಯುವಾಗ ತಲೆ ಬೆನ್ನುಗಳನ್ನು ಮುಚ್ಚುತ್ತಿದ್ದ ಕರಾವಳಿ, ಮಲೆನಾಡುಗಳ ಮಳೆಚಿಪ್ಪು, ಸರ್ವಥಾ ಶ್ರೇಷ್ಠ: ಎರಡೂ ಕೈ ಖಾಲಿ, ಹಗ್ಗ ಗೂಟಗಳ ರಗಳೆಯಿಲ್ಲ, ಹೊತ್ತವನೇ ಕಂಬ. ದೂರದಿಂದ ಆಮೆಯಂತೆ ಕಾಣುವುದು ದೋಷವೆನ್ನಬಹುದಾದರೂ, ಮೀನುಗಳಿಂದ ಈವರೆಗೆ ಆಕ್ಷೇಪಣೆ ಬಂದಿಲ್ಲ. ಮುಂಭಾಗ ಪೂರ್ತಿ ತೆರೆದಿರುವುದರಿಂದ ಗಾಳಿಗೆ ಬೆನ್ನು ಕೊಟ್ಟೇ ಕೂರಬೇಕು.